ನೆರಳಿಗೆ ಸರಿದ ಕುರ್ಚಿ

ಮೊನ್ನೆ ಬೆಳಿಗ್ಗೆ ಸಂಡೂರಿನ ಕಡೆಯ ಲಾರಿಯೊಂದು ಗಾಡಿ ತೊಳೆಯುವ ನನ್ನ ವಾಟರ್ ಸರ್ವಿಸ್‌ನ ರ‍್ಯಾಂಪ್ ಏರಿ ನಿಂತಿತು. ಹೊಸಪೇಟೆ ಬಿಟ್ಟು ತೋರಣಗಲ್ಲಿನ ದಾರಿ ಹಿಡಿದು ಬರುವಾಗ, ಗಾದಿಗನೂರು ಇನ್ನೇನು ಬಂತು ಅನ್ನುವಲ್ಲಿ ಎಡಗಡೆ ಒಂದು ತಗಡಿನ ಶೆಡ್ಡು, ಒಂದು ನೀರಿನ ಟ್ಯಾಂಕು, ಒಂದು ಪ್ಲಾಸ್ಟಿಕ್ ಕುರ್ಚಿ ಕಂಡರೆ ಅದೇ ನನ್ನ ಸಂಸ್ಥಾನ. ಕುರ್ಚಿ ಖಾಲಿ ಇದ್ದರೆ ದೊರೆ ಯಾವುದೋ ಲಾರಿಯ ಅಡಿಯಲ್ಲಿ ಮಲಗಿ ಮಣ್ಣು ಕೆರೆಯುತ್ತಿದ್ದಾನೆ ಎಂದು ತಿಳಿಯಬೇಕು.

ಗನ್ ಹಿಡಿದು ಇನ್ನೇನು ನೀರು ಬಿಡಬೇಕು, ಲಾರಿಯ ಮೇಲೆ ಕಟ್ಟಿದ ತಾಡಪಾಲಿನ ಮಡಿಕೆಗಳಲ್ಲಿ ಬೆಳ್ಳಗೆ, ತುಸು ನೇರಳೆಗೆ ತಿರುಗಿದ್ದೇನೋ ಕಂಡಿತು. ಹತ್ತಿ ನೋಡಿದರೆ ಹೊಂಗೆ ಹೂ. ಎದುರಿನ ತೋಪಿನ ಅಂಚಿಗೆ ಗಾಡಿ ನಿಲ್ಲಿಸಿ ಡ್ರೈವರ್ ಚಹಾ ಕುಡಿದು ಬರುವಷ್ಟರಲ್ಲಿ ಉದುರಿದ್ದು. ಧೂಳು, ಡೀಸೆಲ್ಲು, ಅದರ ಮೇಲೆ ಆ ಹೂವಿನ ತಣ್ಣನೆಯ ವಾಸನೆ. ನಾನು ಗನ್ ಕೆಳಗಿಳಿಸಿದೆ.

“ಅಣ್ಣಾ, ಏನ್ ನೋಡ್ಕೊಂತ ನಿಂತಿ? ಜಲ್ದಿ ಹೊಡಿ, ಲೋಡಿಗೆ ಹೋಗಬೇಕು” ಅಂದ ಡ್ರೈವರ್.

ಹೋಗಲಿ ಬಿಡಿ, ಅವನಿಗೆ ಯಾವಾಗಲೂ ಅವಸರ. ನೀವು ಹೀಗೆ ಬನ್ನಿ, ಕೂತುಕೊಳ್ಳಿ. ಹೊಂಗೆ ಹೂವಿಗೂ ಪ್ರೆಶರ್ ಗನ್ನಿಗೂ ನನಗೂ ನಡುವೆ ಒಂದು ಹಳೆಯ ವ್ಯವಹಾರವಿದೆ. ಅದನ್ನು ಹೇಳದೆ ಆ ಲಾರಿಯ ಮಾತು ಮುಂದುವರಿಸಲು ನನಗೆ ಮನಸ್ಸಾಗುತ್ತಿಲ್ಲ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಒಂದು ಬಕೆಟ್ಟು, ಒಂದು ಚಿಂದಿ ಬಟ್ಟೆ ಹಿಡಿದು ಜೀಪು ಒರೆಸುತ್ತ ಶುರು ಮಾಡಿದವನು ನಾನು. ಈ ಸ್ಥಿತಿಗೆ ಬಂದದ್ದು ಓದಿನಿಂದಲ್ಲ, ಚೌಕಾಸಿಯಿಂದ. ಚೌಕಾಸಿ ಅಂದರೆ ಬಾಯಿ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಣ್ಣಿನ ಕೆಲಸ, ಕೈಯ ಕೆಲಸ. ಉದಾಹರಣೆಗೆ, ನೀವು ಸೆಕೆಂಡ್ ಹ್ಯಾಂಡ್ ಪಂಪು ಕೊಳ್ಳಲು ಹೋದಿರಿ ಅನ್ನಿ. ಮಾರುವವನು ಸ್ಟಾರ್ಟ್ ಮಾಡಿ ತೋರಿಸುವ ಮುಂಚೆ ಸುಮ್ಮನೆ ಪಂಪಿನ ಮೈಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ನೀವು ಬರುವ ಮೊದಲೇ ಓಡಿಸಿ ಸಜ್ಜು ಮಾಡಿಟ್ಟಿದ್ದಾನೆ, ತಣ್ಣಗಿದ್ದಾಗ ಅದು ಏಳುವುದಿಲ್ಲ ಎಂದು ಅರ್ಥ. ಇಂಥ ಬುದ್ಧಿ ನನ್ನ ಹತ್ತಿರ ಮೂಟೆಗಟ್ಟಲೆ ಇದೆ. ಕಂಪ್ಲಿಯ ಅಕ್ಕಿ ಗಿರಣಿಯವರ ಹತ್ತಿರ ಚೌಕಾಸಿ ಮಾಡಿದ್ದೇನೆ, ಹಂಪಿಯಲ್ಲಿ ಫಾರಿನ್‌ನವರಿಗೆ ಸೈಕಲ್ ಬಾಡಿಗೆ ಕೊಡುವವರ ಹತ್ತಿರವೂ ಮಾಡಿದ್ದೇನೆ. ಸೋತದ್ದು ಒಬ್ಬರಿಗೆ ಮಾತ್ರ, ಖಾನಾವಳಿ ಬಸಮ್ಮನಿಗೆ.

ಬಸಮ್ಮನ ಖಾನಾವಳಿ ರಸ್ತೆಯಾಚೆ, ನನ್ನ ಶೆಡ್ಡಿಗೆ ಎದುರು. ಮೈನ್ಸ್ ಲಾರಿಗಳು ಇರುವೆ ಸಾಲಿನ ಹಾಗೆ ಓಡುತ್ತಿದ್ದ ಕಾಲ ಅದು. ನನ್ನ ಕೆಲಸದ ಹುಡುಗರ ಊಟಕ್ಕೆ ದರ ಮಾತಾಡಲು ಹೋದೆ. ಬಾಯಿ ತೆರೆಯುವ ಮುಂಚೆಯೇ ಆಕೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದದ್ದಕ್ಕಿಂತ ಕಡಿಮೆ ದರ ಹೇಳಿದಳು. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

“ಒಂದು ಮಾತೈತಿ ನೋಡ್ರಿ ಸಾವ್ಕಾರ್ರ” ಅಂದಳು ರೊಟ್ಟಿ ಬಡಿಯುತ್ತಲೇ. “ಐತವಾರ ಮುಂಜಾನಿ ಈ ತೋಪಿನ್ಯಾಗ ಕೆಲಸ ಮಾಡ್ತೀವಿ. ನೀವು ಬರಬೇಕು.”

“ಎಷ್ಟು ದಿನ ಅಕ್ಕಾ?”

“ನಿಮ್ಮ ಹುಡುಗ್ರು ಉಣ್ಣೋ ತನಕ.”

ಅಷ್ಟೇ. ಹುಡುಗರು ಇವತ್ತಿಗೂ ಉಣ್ಣುತ್ತಿದ್ದಾರೆ, ನಾನು ಇವತ್ತಿಗೂ ಭಾನುವಾರ ಕುಡುಗೋಲು ಹಿಡಿದು ಹೋಗುತ್ತಿದ್ದೇನೆ. ಇದರಿಂದ ನೀವು ಕಲಿಯಬೇಕಾದದ್ದು ಇಷ್ಟು: ಎದುರಿನವರು ಮೊದಲೇ ಕಡಿಮೆ ಹೇಳಿದರೆ ಖುಷಿಪಡಬೇಡಿ. ಅವರು ಬೇರೆ ಏನನ್ನೋ ಕೊಳ್ಳುತ್ತಿದ್ದಾರೆ.

ತೋಪು ಅಂದೆನಲ್ಲ, ಖಾನಾವಳಿಯ ಬೆನ್ನಿಗೇ ಹತ್ತಿಕೊಂಡಿರುವ ಗುಂಡು ತೋಪು ಅದು. ಯಾರೋ ಹಿಂದಿನವರು ಊರಿನವರಿಗೆಲ್ಲ ಇರಲಿ ಎಂದು ಬಿಟ್ಟ ಜಾಗ. ರಸ್ತೆಗೆ ಹತ್ತಿದಂತೆ ಹೊಂಗೆಯ ಸಾಲು, ನಡುವೆ ಬೇವು, ಹಿಂದುಗಡೆ ಆನೆ ಕೂತ ಹಾಗೆ ಒಂದು ಹುಣಸೆ ಮರ. ಎಲ್ಲರದೂ ಆದದ್ದರಿಂದ ಯಾರದೂ ಆಗಿರಲಿಲ್ಲ. ಒಡೆದ ಬಾಟಲಿ, ಗುಟ್ಕಾ ಚೀಟಿ, ಮದುವೆ ಊಟದ ತಟ್ಟೆ, ಹರಿದ ಟೈರು ಎಲ್ಲಕ್ಕೂ ಅದೇ ಮನೆ. ಮೇಲೆ ಅದಿರಿನ ಕೆಂಪು ಧೂಳು. ಆ ದಿನಗಳಲ್ಲಿ ನಮ್ಮ ಕಡೆ ಎಲ್ಲವೂ ಕೆಂಪು. ಬಿಳಿ ಎತ್ತು ಕೆಂಪು, ಕರಿ ನಾಯಿ ಕೆಂಪು, ಒಣಗಲು ಹಾಕಿದ ಪಂಚೆ ಕೆಂಪು. ಎಲೆ ಅಂದರೆ ಹಸಿರು ಎಂದು ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಿತ್ತು.

ಬಸಮ್ಮನಿಗೆ ಆ ತೋಪಿನ ಮೇಲೆ ಯಾಕೆ ಅಷ್ಟು ಜೀವ ಎಂದು ಮೊದಲು ನನಗೆ ತಿಳಿದಿರಲಿಲ್ಲ. ಆಮೇಲೆ ತಿಳಿಯಿತು. ಖಾನಾವಳಿಗೆ ಗೋಡೆ, ತಗಡು ಬರುವ ಮುಂಚೆ ಆಕೆ ಒಲೆ ಹೂಡಿದ್ದು ಆ ಹುಣಸೆಯ ಅಡಿಯಲ್ಲಿ. ಗಂಡ ಮೈನ್ಸಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ಮೂರು ಕಲ್ಲಿಟ್ಟು, ಲಾರಿಯವರಿಗೆ ರೊಟ್ಟಿ ಬಡಿದು ಮನೆ ನಡೆಸಿದವಳು. “ನನಗ ಬಾಡಿಗಿ ಕೇಳದ ಮಾಲಕ ಅಂದ್ರ ಈ ಗಿಡ ಒಂದೇ” ಎನ್ನುತ್ತಿದ್ದಳು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ.

ನಮ್ಮ ಸಂಘಕ್ಕೆ ಹೆಸರಿರಲಿಲ್ಲ, ಅಧ್ಯಕ್ಷರೂ ಇರಲಿಲ್ಲ. ಹೆಸರಿಟ್ಟರೆ ಬೋರ್ಡು ಬೇಕಾಗುತ್ತದೆ, ಬೋರ್ಡು ಬಂದರೆ ಅದರಲ್ಲಿ ಯಾರ ಹೆಸರು ಮೇಲೆ ಎಂದು ಜಗಳ ಬರುತ್ತದೆ. ನೀವು ಎಂದಾದರೂ ಇಂಥ ಗುಂಪು ಕಟ್ಟಿದರೆ ಇದನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಇದ್ದದ್ದು ಒಂದೇ ನಿಯಮ: ಕೆಲಸ ಮುಗಿದ ಮೇಲೆ ಬಸಮ್ಮ ಮಂಡಕ್ಕಿ ವಗ್ಗರಣೆ, ಬಿಸಿ ಮಿರ್ಚಿ ಕೊಡುತ್ತಾಳೆ, ಆದರೆ ಮೊದಲು ಅಂಗೈ ತೋರಿಸಬೇಕು. ಅಂಗೈ ಕೆಂಪಾಗಿರದಿದ್ದರೆ ಮಿರ್ಚಿ ಇಲ್ಲ. ಒಂದು ಸಲ ನಾನು ಫೋನಿನಲ್ಲಿ ಮಾತಾಡುತ್ತ ಕಾಲ ಕಳೆದು, ಕೊನೆಗೆ ನೆಲಕ್ಕೆ ಅಂಗೈ ತಿಕ್ಕಿಕೊಂಡು ಹೋದೆ. ಬಸಮ್ಮ ನನ್ನ ಉಗುರಿನಲ್ಲಿ ಮಣ್ಣಿಲ್ಲದ್ದು ನೋಡಿ ತಟ್ಟೆ ವಾಪಸು ಇಟ್ಟಳು.

ಟ್ಯಾಂಕರ್ ಓಡಿಸುವ ಖಾಜಾಸಾಬ ನಮ್ಮ ನೀರಿನ ಮಂತ್ರಿ. ನಾವು ನೆಟ್ಟ ಹೊಸ ಸಸಿಗಳ ಸುತ್ತ ಸವೆದ ಲಾರಿ ಟೈರುಗಳನ್ನು ಮಲಗಿಸಿ, ಒಳಗೆ ನೀರು ನಿಲ್ಲುವ ಹಾಗೆ ಮಾಡಿದ್ದು ಅವನ ಉಪಾಯ. ಆಡುಗಳು ಬಂದು ಟೈರನ್ನು ಮೂಸಿ, ಇದೇನೋ ಗಾಡಿ ಇರಬೇಕು ಎಂದು ದೂರ ಹೋಗುತ್ತಿದ್ದವು. ಸಸಿ ಕೊಳ್ಳುವ ಕೆಲಸ ನನ್ನದು. ಎತ್ತರ ನೋಡಿ ಸಸಿ ತರಬೇಡಿ, ಕಾಂಡದ ದಪ್ಪ ನೋಡಿ ತನ್ನಿ. ಉದ್ದಕ್ಕೆ ಬೆಳೆದದ್ದೆಲ್ಲ ನರ್ಸರಿಯ ನೆರಳಿನಲ್ಲಿ ಮುದ್ದು ಮಾಡಿಸಿಕೊಂಡದ್ದು, ನಮ್ಮ ಬಿಸಿಲಿಗೆ ಬಂದರೆ ಒಂದೇ ವಾರಕ್ಕೆ ತಲೆ ಬಾಗಿಸುತ್ತದೆ.

ಪ್ರಚಾರದ ಜವಾಬ್ದಾರಿಯೂ ನನ್ನದೇ. ಹಳೆಯ ತಾಡಪಾಲಿನ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ ರಸ್ತೆಗೆ ಕಟ್ಟಿದೆ: ‘ಹಂಪಿಗೆ ಹೋಗೋರು ಇಲ್ಲಿ ಕುಂತು ಹೋಗ್ರಿ. ನೆರಳು ಫ್ರೀ.’ ಫ್ರೀ ಅನ್ನುವ ಮಾತಿನ ಶಕ್ತಿ ನನಗೆ ಗೊತ್ತಿತ್ತು, ಆದರೆ ಅಷ್ಟು ಎಂದು ಗೊತ್ತಿರಲಿಲ್ಲ. ಮರುವಾರವೇ ಒಂದು ಟೂರಿಸ್ಟ್ ಬಸ್ಸು ಬಂದು ನಿಂತಿತು. ಬಸ್ಸಿನವರು ಚಿತ್ರಾನ್ನ ತಿಂದು, ತಟ್ಟೆಗಳನ್ನು ನಾವು ಆಗಷ್ಟೇ ಗುಡಿಸಿದ ಜಾಗಕ್ಕೇ ಬಿಸಾಡಿ ಹತ್ತಿಕೊಂಡರು. ಬಸಮ್ಮ ಹೋಗಿ ಬಸ್ಸಿನ ಮುಂದೆ ನಿಂತಳು. “ನೆರಳು ಫ್ರೀ ಅಂತ ಬರದೈತ್ರಿ. ಕಸ ಫ್ರೀ ಅಂತ ಬರದಿಲ್ಲ. ಇಳೀರಿ.” ಇಳಿದರು. ಆಮೇಲೆ ಅದೇ ಬಸ್ಸಿನವನು ಬಂದಾಗಲೆಲ್ಲ ಗೋಣಿಚೀಲ ಹಿಡಿದೇ ಇಳಿಯುತ್ತಿದ್ದ.

ಹೀಗೆ ಎಲ್ಲವೂ ಹದಕ್ಕೆ ಬರುತ್ತಿರುವಾಗ ಪಂಚಾಯಿತಿ ಮೆಂಬರ್ ಹುಲುಗಪ್ಪ ಒಂದು ಸುದ್ದಿ ತಂದ. ತೋಪಿನ ಜಾಗದಲ್ಲಿ ಲಾರಿ ಪಾರ್ಕಿಂಗ್ ಮಾಡಬೇಕಂತೆ. ಅವನನ್ನು ಕೆಟ್ಟವನು ಎಂದು ತಿಳಿಯಬೇಡಿ. ಅವನ ಮಾತಿನಲ್ಲಿ ತೂಕವಿತ್ತು. ಲಾರಿಗಳು ರಸ್ತೆಯ ಅಂಚಿಗೇ ಸಾಲು ನಿಲ್ಲುತ್ತಿದ್ದವು, ಶಾಲೆ ಮಕ್ಕಳು ಅವುಗಳ ಸಂದಿಯಿಂದ ನುಸುಳಿ ದಾಟುತ್ತಿದ್ದರು. “ಇಲ್ಲಿ ಏನೈತ್ರಿ ಬಸಮ್ಮಕ್ಕಾ? ನಾಕು ಕೆಂಪು ಕಟಗಿ. ಗ್ರಾಮಸಭಾದಾಗ ಇಡ್ತೀನಿ. ಜನ ಹೂಂ ಅಂದ್ರ ಪಾರ್ಕಿಂಗ್, ಊಂಹೂಂ ಅಂದ್ರ ನಿನ್ನ ತೋಪು. ಸಭಾನೂ ತೋಪಿನ್ಯಾಗ ಮಾಡೋಣು, ಆತಿಲ್ಲ?”

“ಹುಣಸಿ ಗಿಡ?” ಅಂದಳು ಬಸಮ್ಮ.

“ಅದು ಇದ್ರ ಲಾರಿ ತಿರುಗ್ಸಾಕ ಆಗಂಗಿಲ್ಲಕ್ಕ. ಅದು ಹೋಗಬೇಕಾಗ್ತೈತಿ.”

ಆ ದಿನ ಬಸಮ್ಮ ನನಗೆ ಬಡಿಸಿದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಆಕೆಯ ಕೈ ತಪ್ಪಿದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಹಾಗಾಗಿ ಈ ವಿಷಯ ನಾನೇ ಕೈಗೆತ್ತಿಕೊಂಡೆ.

ನನ್ನ ಲೆಕ್ಕಾಚಾರ ಸರಳ. ಹಳೆಯ ಲಾರಿ ಮಾರುವವನು ಮೊದಲು ಏನು ಮಾಡುತ್ತಾನೆ? ನನ್ನ ಹತ್ತಿರ ತಂದು ತೊಳೆಸುತ್ತಾನೆ. ಎಂಜಿನ್ ಹೇಗೇ ಇರಲಿ, ಮೈ ಹೊಳೆದರೆ ಕೊಳ್ಳುವವನ ಬಾಯಿ ಅರ್ಧ ಕಟ್ಟಿದಂತೆ. ಊರ ಜನರಿಗೆ ತೋಪು ಕೆಂಪಾಗಿ ಕಾಣುವುದೇ ತೊಂದರೆ. ತೊಳೆದು ಹಸಿರು ತೋರಿಸಿಬಿಟ್ಟರೆ? ಸಭೆಯ ಹಿಂದಿನ ದಿನ ಬೆಳಿಗ್ಗೆ ಖಾಜಾಸಾಬನ ಟ್ಯಾಂಕರಿಗೆ ನನ್ನ ಪಂಪು ಕಟ್ಟಿ, ಏಣಿ ಹಾಕಿ, ಗನ್ ಹಿಡಿದು ರಸ್ತೆ ಬದಿಯ ಹೊಂಗೆ ಸಾಲಿಗೆ ನೀರು ಬಿಟ್ಟೆ. ಹುಣಸೆ ಹಿಂದುಗಡೆ ಇತ್ತಲ್ಲ, ಅಲ್ಲಿಗೆ ಪೈಪು ಮುಟ್ಟಲಿಲ್ಲ. ಹೋಗಲಿ, ಗಿರಾಕಿ ನೋಡುವುದು ಮುಂದಿನ ಬಂಪರನ್ನು ತಾನೇ ಎಂದು ಬಿಟ್ಟೆ.

ಮೊದಲ ಕೊಂಬೆಯಿಂದ ಕೆಂಪು ನೀರು ಇಳಿದು ಅಡಿಯಿಂದ ಹೊಸ ಚಿಗುರು ಮಿಂಚಿದಾಗ ಖಾಜಾಸಾಬ ಕೆಳಗಿನಿಂದ ಕೂಗಿದ: “ಅರೆ ಅಣ್ಣಾ, ಮಸ್ತ್! ಶೋರೂಮಿಂದ ಈಗ ಬಂದಂಗ ಐತಿ!”

ಹೊಗಳಿದರೆ ನಾನು ಕೆಡುತ್ತೇನೆ. ಪ್ರೆಶರ್ ಏರಿಸಿದೆ. ಲಾರಿಗೆ ಒಂದು ಕ್ರಮವಿದೆ: ಮೇಲಿನಿಂದ ಕೆಳಕ್ಕೆ ಒಂದು ಸುತ್ತು, ಆಮೇಲೆ ಸಂದಿಗೊಂದಿಗೆ ಗನ್ ಹತ್ತಿರ ಹಿಡಿದು ಇನ್ನೊಂದು ಸುತ್ತು. ಮರಕ್ಕೂ ಹಾಗೆಯೇ ಹೊಡೆದೆ. ಎಲೆ ಉದುರುವುದು ಕಂಡಿತು. ಹಣ್ಣೆಲೆ ಇರಬೇಕು, ಉದುರಲಿ ಎಂದೆ. ನೀರಿನ ಮಂಜು ದಟ್ಟವಾಗಿದ್ದರಿಂದ ಮೇಲೆ ಏನಾಗುತ್ತಿದೆಯೋ ಕಾಣುತ್ತಿರಲಿಲ್ಲ. ಸಾಲು ಮುಗಿಸಿ, ಎಂಜಿನ್ ಆರಿಸಿ, ಮುಖ ಒರೆಸಿಕೊಂಡು ನೋಡಿದೆ.

ಚಿಗುರೆಲೆ ಇಲ್ಲ. ಹೂವಿನ ಗೊಂಚಲು ಇಲ್ಲ. ಆಗಷ್ಟೇ ಅರಳಿದ್ದ ಹೊಂಗೆಯೆಲ್ಲ ಕೆಂಪು ಕೆಸರಿನಲ್ಲಿ ಹಾಸಿಕೊಂಡು ಬಿದ್ದಿತ್ತು. ಮೇಲೆ ಉಳಿದದ್ದು ಬರೀ ಕೊಂಬೆ. ಆದರೆ ಬಹಳ ಶುಭ್ರವಾದ ಕೊಂಬೆ.

ಬಸಮ್ಮ ಕೈಯಲ್ಲಿ ಸವುಟು ಹಿಡಿದೇ ಓಡಿ ಬಂದಳು. ಮರ ನೋಡಿದಳು, ನನ್ನನ್ನು ನೋಡಿದಳು.

“ಏನ್ರಿ ಸಾವ್ಕಾರ್ರ, ಗಿಡಕ್ಕ ಜಾವಳ ತೆಗಿಸಿದ್ರೇನು?”

“ಅಕ್ಕಾ, ಧೂಳು ಭಾಳ ಇತ್ತು…”

“ಗ್ರೀಸ್ ಒಂದು ಹೊಡದಿಲ್ಲ ನೋಡು. ಅದನ್ನೂ ಹೊಡದುಬಿಡು. ಹುಲುಗಪ್ಪಗ ಕಟಗಿ ಕಾಣ್ಲಿ ಅಂತ ತೊಳದು ಇಟ್ಟಂಗಾತು!”

ಖಾಜಾಸಾಬ ಟ್ಯಾಂಕರಿನ ಆಚೆ ಬದಿಗೆ ಹೋಗಿ ಟೈರಿನ ಗಾಳಿ ನೋಡತೊಡಗಿದ. ಬಸಮ್ಮ ಕೆಸರಿನಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಹೂ ಎತ್ತಿಕೊಂಡಳು. ಆಮೇಲೆ ತಲೆಯೆತ್ತಿ ಬೋಳು ಕೊಂಬೆಗಳ ಸಂದಿಯಿಂದ ಸೂರ್ಯನನ್ನೇ ನೋಡುತ್ತ ಕೂತಳು. ಬೈಗುಳ ನಿಂತಿತು. ಬಸಮ್ಮ ಬೈಯುವಾಗ ಭಯವಿಲ್ಲ, ಸುಮ್ಮನಾದಾಗ ಭಯ.

“ನಾಳಿ ಸಭಾಕ್ಕ ಶಾಮಿಯಾನ ಯಾರು ಹೇಳ್ಯಾರ?” ಎಂದು ಕೇಳಿದಳು.

“ನಾನೇ ಅಕ್ಕಾ. ಜಮಖಾನಿ, ಫ್ಯಾನು ಪುಕ್ಕಟೆ ಹಾಕ್ಸೀನಿ. ಭಾಳ ಚೌಕಾಸಿ ಮಾಡಿ…”

“ಬ್ಯಾಡಂತ ಹೇಳು.”

“ಮಾತು ಕೊಟ್ಟೀನಲ್ಲ ಅಕ್ಕಾ! ಸುಡು ಬಿಸಲಾಗ ಜನ ಹೆಂಗ ಕುಂದರ್ತಾರ?”

“ಗಿಡ ಬೋಳಿಸಾಕ ನನ್ನ ಕೇಳಿದ್ದೇನು? ಬ್ಯಾಡಂದ್ರ ಬ್ಯಾಡ. ಕುರ್ಚಿ ಮಾತ್ರ ತರ್ಸು. ಎಲ್ಲಾ ಇಲ್ಲೇ ಹಾಕ್ಸು, ಪಾರ್ಕಿಂಗ್ ಎಲ್ಲಿ ಮಾಡ್ತಾರೋ ಅಲ್ಲೇ.”

ಆಕೆ ಸೋಲೊಪ್ಪಿಕೊಂಡಳು ಎಂದೇ ನಾನು ತಿಳಿದೆ. ಶಾಮಿಯಾನದವನ ಕೈಯಲ್ಲಿ ಬೈಸಿಕೊಂಡೆ. ಅಂಥ ಒಳ್ಳೆಯ ದರ ಇನ್ನು ಸಿಗುವುದಿಲ್ಲ ಎಂಬ ಸಂಕಟವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಮರುದಿನ ಜನ ಬಂದರು. ಬೋಳು ಹೊಂಗೆಗಳ ಅಡಿಯಲ್ಲಿ ಸಾಲಾಗಿ ಕುರ್ಚಿ. ಹಿಂದುಗಡೆ, ನಾನು ತೊಳೆಯದೆ ಬಿಟ್ಟ ಹುಣಸೆ ತನ್ನ ಕೆಂಪು ಧೂಳನ್ನೆಲ್ಲ ಹೊದ್ದುಕೊಂಡು ನೆರಳು ಹಾಸಿತ್ತು. ಬಸಮ್ಮ ಅದರ ಬುಡದಲ್ಲಿ ನೀರಿನ ಕೊಡ ಇಟ್ಟುಕೊಂಡು ಕೂತಿದ್ದಳು, ನೆಂಟರ ಮನೆಗೆ ಬಂದವರ ಹಾಗೆ ಸುಮ್ಮನೆ.

ಹುಲುಗಪ್ಪ ಬಿಳಿ ಅಂಗಿ ತೊಟ್ಟು ನಿಂತು ಮಾತು ಶುರು ಮಾಡಿದ. “ನೀವೇ ನೋಡ್ರಿ ಹಿರಿಯಾರ. ಇದಕ್ಕ ತೋಪು ಅಂತಾರೇನು? ಒಂದು ಎಲಿ ಐತೇನು?” ಜನ ಮೇಲೆ ನೋಡಿದರು. ಎಲೆ ಇರಲಿಲ್ಲ. ಕೆಲವರು ತಲೆಯಾಡಿಸಿದರು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬಿಸಿಲು ಏರಿತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ಹಂಪಿಯ ಬಂಡೆಯ ಮೇಲೆ ಮಧ್ಯಾಹ್ನ ಬರಿಗಾಲು ಇಟ್ಟು ನೋಡಿ, ನಾನು ವಿವರಿಸುವ ಕೆಲಸ ಉಳಿಯುತ್ತದೆ. ಮೊದಲು ಒಬ್ಬ ಬಾಣಂತಿ ಕೂಸು ಎತ್ತಿಕೊಂಡು ಹುಣಸೆಯ ಅಡಿಗೆ ಹೋದಳು. ಅವಳ ಹಿಂದೆ ಅವಳ ಅತ್ತೆ. ಅತ್ತೆಗೆ ಏನೋ ಹೇಳುವ ನೆಪದಲ್ಲಿ ನಾಲ್ಕು ಜನ ಹೆಂಗಸರು. ಆಮೇಲೆ ಗಂಡಸರು, ಮರ್ಯಾದೆಯಿಂದ, ಕುರ್ಚಿಯನ್ನು ಬೆನ್ನಿಗೆ ಅಂಟಿಸಿಕೊಂಡೇ ಗೇಣು ಗೇಣು ಹಿಂದಕ್ಕೆ.

“ಏ, ಕುಂದ್ರಿ, ಕುಂದ್ರಿ! ಇನ್ನಾ ಮುಗದಿಲ್ಲ!” ಎಂದು ಹುಲುಗಪ್ಪ ದನಿ ಏರಿಸಿದ. ಕೇಳುವವರು ದೂರವಾದಷ್ಟೂ ಅವನು ಜೋರಾಗಿ ಕೂಗಬೇಕಾಯಿತು. ಅಂಗಿ ಬೆನ್ನಿಗೆ ಅಂಟಿತು. ಟವೆಲ್ಲು ತಲೆಗೆ ಏರಿತು. ಪಾರ್ಕಿಂಗಿನ ಲಾಭ ಹೇಳುತ್ತ ಹೇಳುತ್ತಲೇ ತನ್ನ ಕುರ್ಚಿಯನ್ನು ಒಂದು ಹೊಂಗೆಯ ಕಾಂಡದ ಗೆರೆಯಂಥ ನೆರಳಿಗೆ ಎಳೆದುಕೊಂಡ. ನೆರಳು ಅವನ ಅರ್ಧ ಮೂಗಿಗೂ ಸಾಲಲಿಲ್ಲ. ಕೊನೆಗೆ ಮಾತಿನ ನಡುವೆಯೇ ಕುರ್ಚಿ ಎತ್ತಿಕೊಂಡು ದಡದಡ ನಡೆದು, ಹುಣಸೆಯ ಅಡಿಗೆ ಬಂದು, ಉಸ್ಸೆಂದು ಕೂತ. ಬಸಮ್ಮ ನೀರು ಕೊಟ್ಟಳು. ಗಟಗಟ ಕುಡಿದ.

“ಹಾಂ… ನಾ ಏನು ಹೇಳಾಕ ಹತ್ತಿದ್ದೆ?”

“ಪಾರ್ಕಿಂಗ್ ಬಗ್ಗೆ ಹೇಳಾಕ ಹತ್ತಿದ್ದಿ ತಮ್ಮಾ” ಅಂದಳು ಬಸಮ್ಮ, ಆ ದಿನ ಮೊದಲ ಸಲ ಬಾಯಿ ತೆರೆದು. “ಅಲ್ಲೇ ಹೋಗಿ ನಿಂತು ಹೇಳು. ನಾವು ಇಲ್ಲೇ ಕುಂತು ಕೇಳ್ತೀವಿ.”

ಆ ಬಾಣಂತಿ ಕಿಸಕ್ಕೆಂದಳು ನೋಡಿ, ಇಡೀ ಸಭೆ ನಕ್ಕಿತು. ಹುಲುಗಪ್ಪನೂ ನಕ್ಕ. ಅದಕ್ಕೇ ಹೇಳಿದ್ದು, ಅವನು ಕೆಟ್ಟವನಲ್ಲ. ಕೈಯಲ್ಲಿದ್ದ ನಕ್ಷೆಯಿಂದ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತ ಸುತ್ತ ನೋಡಿದ. “ಕೈ ಎತ್ತೋದು ಬ್ಯಾಡ ಬಿಡ್ರಿ. ಕುರ್ಚಿ ಎತ್ತಿದ್ದಾತಲ್ಲ, ಸಾಕು” ಅಂದ. ಲಾರಿ ತೂಗುತ್ತಿದ್ದ ಹಳೆಯ ವೇಬ್ರಿಡ್ಜು ಮುಚ್ಚಿಹೋಗಿತ್ತು, ಲಾರಿಗಳು ಅದರ ಬಯಲಿಗೆ ಹೋದವು. ಮಕ್ಕಳು ದಾಟುವ ಕಡೆ ರಸ್ತೆ ಖಾಲಿಯಾಯಿತು. ಎರಡೂ ಕೆಲಸ ಆಯಿತು.

ಚೌಕಾಸಿಯ ಬಗ್ಗೆ ನನ್ನ ಕೊನೆಯ ಸಲಹೆ ಅಂದೇ ಸಿಕ್ಕಿದ್ದು. ನೀವು ಹೇಳಬೇಕಾದದ್ದನ್ನು ಎದುರಿನವರ ಮೈಗೆ ಬಿಸಿಲೇ ಹೇಳುವಂತಿದ್ದರೆ ಶಾಮಿಯಾನ ಹಾಕಿಸಬೇಡಿ.

“ನೋಡಿದ್ಯಾ ಅಕ್ಕಾ, ನಾನು ಗಿಡ ಬೋಳಿಸದಿದ್ರ ಇದು ಆಗ್ತಿರಲಿಲ್ಲ” ಎಂದು ನಾನು ಆ ಸಂಜೆ ಬಸಮ್ಮನ ಮುಂದೆ ಸ್ವಲ್ಪ ಬೀಗಲು ನೋಡಿದೆ. ಆಕೆ ಮಿರ್ಚಿ ಕರಿಯುತ್ತಲೇ, “ಅಂಗೈ ತೋರಿಸು” ಅಂದಳು. ತೋರಿಸಿದೆ. ಹಿಂದಿನ ದಿನವೆಲ್ಲ ನೀರು ಹೊಡೆದ ಕೈ, ತೊಳೆದಿಟ್ಟಂತೆ ಬೆಳ್ಳಗಿತ್ತು. ಮಿರ್ಚಿ ಸಿಗಲಿಲ್ಲ.

ಹೊಂಗೆ ಬಹಳ ದೊಡ್ಡ ಮನಸ್ಸಿನ ಮರ. ಕೆಲವೇ ವಾರಗಳಲ್ಲಿ ಮತ್ತೆ ಚಿಗುರಿತು. ಆದರೆ ಆ ವರ್ಷ ಆ ಸಾಲು ಮತ್ತೆ ಹೂ ಬಿಡಲಿಲ್ಲ. ಎಲ್ಲ ಕಡೆ ಹೊಂಗೆ ಘಮಗುಡುತ್ತಿದ್ದಾಗ ನಮ್ಮ ಸಾಲು ಮಾತ್ರ ಮುನಿದವರ ಹಾಗೆ ಸುಮ್ಮನೆ ನಿಂತಿತ್ತು. ಮರುವರ್ಷ ಮೊದಲ ಗೊಂಚಲು ಕಂಡಾಗ ಖಾಜಾಸಾಬ ರಸ್ತೆಯಾಚೆಯಿಂದಲೇ ಹಾರ್ನ್ ಹೊಡೆದು ನನ್ನನ್ನು ಕರೆದಿದ್ದ.

ಇದಿಷ್ಟೂ ಮೊನ್ನೆ ಆ ತಾಡಪಾಲಿನ ಮುಂದೆ ನಿಂತಾಗ ನೆನಪಾಯಿತು.

“ಅಣ್ಣಾ, ಹೊಡಿತಿಯೋ ಇಲ್ಲೋ?” ಅಂದ ಡ್ರೈವರ್.

“ಮೇಲೆ ಹತ್ತಿ ಹೂವೆಲ್ಲ ಕೈಲೆ ಬಳದು ಈ ಬುಟ್ಟಿಗೆ ಹಾಕು. ಆಮ್ಯಾಲ ಹೊಡಿತೀನಿ.”

“ಏ, ತೊಳಿಯೋದು ನಿನ್ನ ಕೆಲಸ, ಹೂ ಆರಿಸೋದು ನನಗ್ಯಾಕ ಹಚ್ಚತಿ?” ಎಂದು ಗೊಣಗಿದ. ಗೊಣಗುತ್ತಲೇ ಬಳಿದು ಕೊಟ್ಟ. ದರದಲ್ಲಿ ಒಂದು ರೂಪಾಯಿಯೂ ಬಿಡಲಿಲ್ಲ ನಾನು, ಅದು ಬೇರೆ ಮಾತು.

ಬುಟ್ಟಿ ಹಿಡಿದು ರಸ್ತೆ ದಾಟಿದೆ. ಬಸಮ್ಮನಿಗೆ ಈಗ ಮೊಣಕಾಲು ನೋವು. ಭಾನುವಾರ ಹುಣಸೆಯ ಅಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಲ್ಲಿಂದಲೇ ಎಲ್ಲರ ಅಂಗೈ ನೋಡುತ್ತಾಳೆ. ಬುಟ್ಟಿ ನೋಡಿದವಳೇ ಕಣ್ಣು ಸಣ್ಣ ಮಾಡಿ, “ಮತ್ತ ಗನ್ ಹೊಡದಿ?” ಅಂದಳು.

“ಇಲ್ಲಕ್ಕ. ತಾನಾಗೇ ಉದುರಿದ್ದು. ನನಗೊಂದು ಹೊಂಗಿ ಸಸಿ ಬೇಕು, ಶೆಡ್ಡಿನ ಮುಂದ ಹಚ್ಚಾಕ.”

“ಇಷ್ಟು ವರ್ಷ ಹಚ್ಚಪಾ ಅಂದ್ರ, ಎಲಿ ಬಿದ್ದು ಗಟಾರ ಕಟ್ಕೊಂತೈತಿ ಅಂತಿದ್ದಿ?”

“ಕಟ್ಕೊಳ್ಳಲಿ ಬಿಡು.”

ಬಸಮ್ಮ ಬುಟ್ಟಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಸಸಿ ಪುಕ್ಕಟೆ ಕೊಡುತ್ತೇನೆ ಅಂದಳು. ನನ್ನ ಕಿವಿ ನೆಟ್ಟಗಾಗುವಷ್ಟರಲ್ಲಿ, ಬೇಸಿಗೆ ಮುಗಿಯುವ ತನಕ ತೋಪಿನ ಹೊಸ ಸಸಿಗಳಿಗೂ ನನ್ನ ಟ್ಯಾಂಕಿನಿಂದಲೇ ದಿನಾ ನೀರು ಬಿಡಬೇಕು ಅಂದಳು. ನಾನು ದಿನ ಬಿಟ್ಟು ದಿನ ಎಂದು ಹಟ ಹಿಡಿದು ಇಳಿಸಿ, ಗೆದ್ದೆನೆಂದು ಎದೆಯುಬ್ಬಿಸಿ ಬಂದೆ. ಸರ್ಕಾರಿ ನರ್ಸರಿಗೆ ಹೋಗಿದ್ದರೆ ಚಹಾದ ಖರ್ಚಿನಲ್ಲಿ ಸಸಿ ಸಿಗುತ್ತಿತ್ತು ಎಂದು ಹೊಳೆದದ್ದು ರಸ್ತೆ ದಾಟಿದ ಮೇಲೆ.

ಸಸಿ ಈಗ ಶೆಡ್ಡಿನ ಮುಂದೆ, ಸವೆದ ಟೈರಿನೊಳಗೆ ನಿಂತಿದೆ. ನನ್ನ ಮೊಣಕಾಲಿಗೂ ಬರುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಬಾಡುವುದನ್ನು ನೋಡಲಾರದೆ ಕುರ್ಚಿಯನ್ನು ತಗಡಿನ ಅಡಿಯಿಂದ ಎತ್ತಿ ಸಸಿಯ ಪಡುವಣಕ್ಕೆ ಹಾಕಿಕೊಂಡಿದ್ದೇನೆ. ತಲೆಗೆ ಟವೆಲ್ಲು ಕಟ್ಟಿಕೊಂಡು ಕೂತರೆ ನನ್ನ ಹೊಟ್ಟೆಯ ನೆರಳು ಸರಿಯಾಗಿ ಅದರ ಮೇಲೆ ಬೀಳುತ್ತದೆ. ರಸ್ತೆಯಾಚೆ ಹುಣಸೆಯ ಅಡಿಯಿಂದ ಬಸಮ್ಮ ನೋಡಿ ನಗುತ್ತಾಳೆ. ನಗಲಿ. ಗಿಡ ನನ್ನ ಎತ್ತರಕ್ಕೆ ಬರುವ ತನಕ ನೆರಳಿನ ಪಾಳಿ ನನ್ನದು.